ರಾಯಚೂರ ಬಿಸಿಲಿಗೆ ಬಗ್ಗದ ಚೀಟಿ: ನನ್ನ ನಾಣ್ಯಗಳಿಗೆ ಲೇಬಲ್ ಮೆಷಿನ್ ಹುಡುಕಿದ ಕಥೆ

ನಾಣ್ಯಕ್ಕಿಂತ ಚೀಟಿಗೇ ಜಾಸ್ತಿ ದುಡ್ಡು ಸುರಿದವ ಅಂತ ಮನೆಯಲ್ಲಿ ನನಗೆ ಹೆಸರು ಬಂದು ಮೂರು ವರ್ಷ ಆಯ್ತು. ಬಳ್ಳಾರಿಯ ನಮ್ಮ ಹಿರಿಯ ಗೆಳೆಯರಂತೂ ಸಿಕ್ಕಾಗಲೆಲ್ಲ ಒಂದೇ ಮಾತು: "ಅದಕ್ಕ ಮೆಷಿನ್ ಯಾಕ್ರೀ? ಪೆನ್ಸಿಲ್ ಐತಲ್ಲ!" ಅವರದು ಎಂಟುನೂರು ಹೋಲ್ಡರ್ (ನಾಣ್ಯ ಇಡುವ, ನಡುವೆ ಕಿಟಕಿಯಿರುವ ಚೌಕ), ಎಲ್ಲಾ ಪೆನ್ಸಿಲ್‌ನಲ್ಲೇ ಬರೆದದ್ದು. ಅಕ್ಷರ ಮುತ್ತಿನಂಥದ್ದು, ಒಪ್ಪುತ್ತೇನೆ. ನನ್ನದು ಕಾಗೆ ಕಾಲು. ಬರೆದ ಎರಡು ತಿಂಗಳಿಗೆ ನನಗೇ ಓದಲು ಬರುವುದಿಲ್ಲ. ಒಮ್ಮೆ 1862ರ ರೂಪಾಯಿಯನ್ನು ನನ್ನದೇ ಕೈಬರಹ ನಂಬಿ 1882ರ ಸಾಲಿನಲ್ಲಿ ಇಟ್ಟು, ನಾಲ್ಕು ದಿನ ಹುಡುಕಿದ್ದೇನೆ.

ಹತ್ತಿರ ಹತ್ತಿರ 1,400 ನಾಣ್ಯ ಇವೆ. ಅರ್ಧ ಸ್ವತಂತ್ರ ಭಾರತದವು, ಉಳಿದದ್ದು ಹೆಚ್ಚಾಗಿ ಬ್ರಿಟಿಷರದು ಮತ್ತು ನಿಜಾಮರದು. ರಾಯಚೂರು, ಕೊಪ್ಪಳದ ಹಳೇ ಮನೆಗಳಲ್ಲಿ ನಿಜಾಮರ ಚಾರ್‌ಮಿನಾರ್ ನಾಣ್ಯಕ್ಕೆ ಬರವಿಲ್ಲ. ಬಳ್ಳಾರಿಯವರು 1800ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋದವರು, ಅವರ ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿ ಜಾಸ್ತಿ, ನಿಜಾಮ ಕಮ್ಮಿ. ನಿಜಾಮರ ಹಣಕ್ಕೆ ನಮ್ಮ ಅವ್ವ ಈಗಲೂ 'ಹಾಲಿ ಸಿಕ್ಕಾ' ಅಂತಲೇ ಅನ್ನುತ್ತಾಳೆ. ಅವಳಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಹಾಗಾಗಿ ಚೀಟಿ ಕನ್ನಡದಲ್ಲೇ ಇರಬೇಕು ಅನ್ನೋದು ಮೊದಲಿನಿಂದಲೂ ನನ್ನ ಹಟ.

ಮೊದಲು ತಗೊಂಡದ್ದು ಫೋನಿಗೆ ಜೋಡಿಸುವ ಪುಟ್ಟ ಬ್ಲೂಟೂತ್ ಪ್ರಿಂಟರ್. ಸುಮಾರು 1,100 ರೂಪಾಯಿ. ಇಂಕ್ ಬೇಡ, ರಿಬ್ಬನ್ ಬೇಡ, ಕಾಗದಕ್ಕೆ ಶಾಖ ಕೊಟ್ಟೇ ಅಕ್ಷರ ಮೂಡಿಸುವ ಥರ್ಮಲ್ ಜಾತಿಯದು. ಕನ್ನಡ ಚೆನ್ನಾಗಿಯೇ ಬಂತು. ಒಂದು ವಾರ ರಾತ್ರಿ ಹನ್ನೊಂದರವರೆಗೆ ಕೂತು 400 ಚೀಟಿ ಹೊಡೆದೆ, ಆಲ್ಬಮ್ಮಿನ ಪಾಕೆಟ್‌ಗಳಿಗೆ ಸಿಕ್ಕಿಸಿದೆ. ಬಳ್ಳಾರಿಗೆ ಫೋಟೋ ಕಳಿಸಿ ಮೀಸೆ ತಿರುವಿದೆ.

ಏಳೆಂಟು ತಿಂಗಳಿಗೆ ಅಕ್ಷರ ಮಾಯ! ಕೆಲವು ಮಸುಕು, ಕೆಲವು ಪೂರ್ತಿ ಬಿಳಿ. ಆ ಪಾಕೆಟ್‌ಗಳು ಪಿವಿಸಿ ಅನ್ನೋ ಮೆತ್ತನೆ ಪ್ಲಾಸ್ಟಿಕ್ಕಿನವು. ಪಿವಿಸಿ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಸುತ್ತೆ ಅಂತ ನಮಗೆಲ್ಲ ಗೊತ್ತು, ಬೆಳ್ಳಿಯನ್ನೆಲ್ಲ ಯಾವತ್ತೋ ಮೈಲಾರ್ (ನಾಣ್ಯಕ್ಕೆ ಕೆಡುಕು ಮಾಡದ ಪ್ಲಾಸ್ಟಿಕ್) ಹೋಲ್ಡರಿಗೆ ಹಾಕಿದ್ದೆ. ಅಗ್ಗದ ನಿಕಲ್ ನಾಣ್ಯಗಳನ್ನು ಮಾತ್ರ ಸೋಮಾರಿತನಕ್ಕೆ ಅದರಲ್ಲೇ ಬಿಟ್ಟಿದ್ದೆ. ಅದೇ ಪ್ಲಾಸ್ಟಿಕ್ ಥರ್ಮಲ್ ಚೀಟಿಯ ಅಕ್ಷರವನ್ನೂ ತಿನ್ನುತ್ತೆ ಅಂತ ಆಗ ಗೊತ್ತಾಯ್ತು. ಉಳಿದ ಎರಡು ರೋಲು ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆತಿದ್ದೆ. ಸಂಜೆ ತೆಗೆದರೆ ಬೂದು ಬಣ್ಣ. ಶಾಖದಿಂದಲೇ ಅಕ್ಷರ ಮೂಡುವ ಕಾಗದವನ್ನು ರಾಯಚೂರ ಬಿಸಿಲಿಗೆ ಬಿಟ್ಟರೆ ಇನ್ನೇನಾಗುತ್ತೆ? ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡೀಸೆಲ್ ಬಿಲ್ಲುಗಳು ಫೈಲಿನಲ್ಲೇ ಬೆಳ್ಳಗಾಗೋದನ್ನ ಹದಿನೈದು ವರ್ಷದಿಂದ ನೋಡಿದ್ದೇನೆ. ಆದರೂ ಹೊಳೆಯಲಿಲ್ಲ ನೋಡಿ.

ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಎ4 ಸ್ಟಿಕ್ಕರ್ ಶೀಟಿಗೆ ಲೇಸರ್ ಪ್ರಿಂಟ್ ಹೊಡೆಸಿದೆ. ಶೀಟಿಗೆ 15 ರೂಪಾಯಿ, ಬಲು ಅಗ್ಗ. ಆದರೆ ನಾಲ್ಕು ನಾಣ್ಯ ಹೊಸದಾಗಿ ಬಂದರೆ ನಾಲ್ಕು ಚೀಟಿಗೆ ಒಂದು ಇಡೀ ಶೀಟು. ಬೇಸಿಗೆಯಲ್ಲಿ ಅಂಟು ಅಂಚಿನಿಂದ ಇಳಿದು ಎರಡು ಹೋಲ್ಡರ್ ಅಂಟಿಕೊಂಡವು. ಪಿವಿಸಿ ಪಾಕೆಟ್ಟಿಗೆ ತಾಗಿದ ಕಡೆ ಟೋನರ್ ಕಿತ್ತು ಪಾಕೆಟ್ಟಿಗೇ ಹತ್ತಿಕೊಂಡು, ಅಕ್ಷರ ಉಲ್ಟಾ ಕಾಣುತ್ತಿತ್ತು. ಹಳೇ ಕಾಲದ ಚಕ್ರ ತಿರುಗಿಸಿ ಒತ್ತುವ ಲೇಬಲ್ಲೂ ನೋಡಿದೆ. ಬರೀ ಇಂಗ್ಲಿಷು, ಬಿಟ್ಟೆ.

ಇಷ್ಟು ಕಳಕೊಂಡ ಮೇಲೆ ಬುದ್ಧಿ ಬಂತು. ಮೆಷಿನ್ ಕೊಳ್ಳುವ ಮೊದಲು ಚೀಟಿ ಪರೀಕ್ಷೆ ಮಾಡಬೇಕು! ಗೊತ್ತಿದ್ದವರಿಂದ ಐದು ನಮೂನೆಯ ಚೀಟಿ ತಂದು, ಒಂದು ತಗಡಿನ ಮೇಲೆ ಅಂಟಿಸಿ, ಏಪ್ರಿಲ್ ಕೊನೆಗೆ ಮಾಳಿಗೆ ಮೇಲೆ ಇಟ್ಟೆ. ಜೂನ್ ಮೊದಲ ಮಳೆವರೆಗೆ ಅಲ್ಲೇ. ಥರ್ಮಲ್ ಎರಡೂ ಹೋದವು. ಲೇಸರ್ ಸ್ಟಿಕ್ಕರ್ ಸುರುಳಿ ಸುತ್ತಿತು. ಬಾಲ್‌ಪೆನ್ ನೀಲಿ ತೊಳೆದಂತಾಯ್ತು. ಲ್ಯಾಮಿನೇಟೆಡ್ ಟೇಪ್ ಮಾತ್ರ ಇಟ್ಟ ಹಾಗೇ ಇತ್ತು. ಅದರಲ್ಲಿ ಅಕ್ಷರ ಪ್ಲಾಸ್ಟಿಕ್ ಪದರದ ಕೆಳಗೆ ಕೂತಿರುತ್ತೆ, ಉಗುರಿನಿಂದ ಕೆರೆದರೂ ಸಿಗಲ್ಲ.

ಕೀಲಿಮಣೆ ಇರುವ ಟೇಪ್ ಮೆಷಿನ್‌ಗಳು ನನಗೆ ಕಂಡಂತೆ ಕನ್ನಡ ಹೊಡೆಯಲ್ಲ. ಫೋನಿಗೆ ಜೋಡಿಸುವಂಥದ್ದು ಬೇಕು. ಆಗ ಆ್ಯಪ್ ಅಕ್ಷರವನ್ನು ಚಿತ್ರದ ಹಾಗೆ ಕಳಿಸುತ್ತೆ, ಮೆಷಿನ್‌ಗೆ ಅದು ಕನ್ನಡವೋ ರಂಗೋಲಿಯೋ ಗೊತ್ತಾಗಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ತು, 1,800ಕ್ಕೆ. ಯಾರಿಂದ, ಯಾವ ಮಾಡೆಲ್ ಅಂತ ಮಾತ್ರ ಕೇಳಬೇಡಿ. ಇನ್ನೊಂದು ಕೊಳ್ಳುವ ಯೋಚನೆ ಇದೆ, ಈಗಲೇ ರೇಟು ಏರಿಸಿಕೊಳ್ಳೋದು ಯಾಕೆ?

ಹುಮ್ಮಸ್ಸಿನಲ್ಲಿ 12 ಮಿಲಿಮೀಟರ್ ಅಗಲದ ಟೇಪ್ ಮೂರು ತರಿಸಿದೆ. ಒಂದಕ್ಕೆ 550ರ ಆಸುಪಾಸು, 8 ಮೀಟರ್ ಬರುತ್ತೆ. ಮನೆಗೆ ತಂದು ಅಂಟಿಸಿದರೆ ಬೆಳ್ಳಿ ರೂಪಾಯಿಯ ಅಂಚೇ ಮುಚ್ಚಿಹೋಯ್ತು. ಅಳತೆ ಮಾಡಿದ್ದು ಆಮೇಲೆ. ಎರಡು ಇಂಚಿನ ಹೋಲ್ಡರ್ ಅಂದರೆ ಹತ್ತಿರ ಹತ್ತಿರ 51 ಮಿಮೀ. ರೂಪಾಯಿ 30.5, ಅದರ ಕಿಟಕಿ 32-33. ಕೆಳಗೆ ಉಳಿಯೋದು 9 ಮಿಮೀ ಅಷ್ಟೆ. ರೂಪಾಯಿಗೆ 9ರ ಟೇಪೇ ಸರಿ. 12ರದ್ದು ಆಣೆ, ಪೈಸೆಯಂಥ ಚಿಕ್ಕ ಕಿಟಕಿಯವಕ್ಕೆ ಹೋಯ್ತು, ದಂಡ ಆಗಲಿಲ್ಲ.

ಎರಡನೇ ಪೆಟ್ಟು ಖಾಲಿ ಟೇಪಿನದು. ಪ್ರತಿ ಸಲ ಒತ್ತಿದಾಗ ಚೀಟಿಯ ಮುಂದೆ ಸುಮಾರು ಎರಡೂವರೆ ಸೆಂಟಿಮೀಟರ್ ಬರೀ ಬಿಳಿ ಟೇಪ್ ಹೊರಗೆ ಬರುತ್ತೆ. ಮೊದಲ ಟೇಪಿನಲ್ಲಿ 120 ಚೀಟಿಯೂ ಆಗಲಿಲ್ಲ. ಕತ್ತರಿಸಿ ಎಸೆದ ಬಿಳಿ ತುಂಡುಗಳನ್ನು ಮೊಮ್ಮಗಳು ಆರಿಸಿ ಗೋಡೆಗೆ ಅಂಟಿಸುತ್ತಿದ್ದಳು, ಅದನ್ನು ನೋಡಿ ಹೊಟ್ಟೆ ಉರಿಯಿತು. ಆಮೇಲೆ ಸರಪಳಿ ಪ್ರಿಂಟ್ ಶುರು ಮಾಡಿದೆ: ಇಪ್ಪತ್ತು ಚೀಟಿ ಒಂದೇ ಉಸಿರಿಗೆ ಹೊಡೆದು, ಕತ್ತರಿಯಿಂದ ಬೇರೆ ಮಾಡೋದು. ಈಗ ಟೇಪಿಗೆ 190ರ ಮೇಲೆ ಬರುತ್ತೆ, ಒಂದಕ್ಕೆ 3 ರೂಪಾಯಿ ಒಳಗೆ. ಆ ಮೊದಲ ಎರಡೂವರೆ ಸೆಂಟಿಮೀಟರನ್ನೂ ಉಳಿಸುವ ದಾರಿ ಒಂದಿದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಡೂಪ್ಲಿಕೇಟ್ ಟೇಪ್ 200ಕ್ಕೆ ಸಿಗುತ್ತೆ. ಮೂರು ತಂದೆ. ಎರಡು ಚೆನ್ನಾಗಿ ಓಡಿದವು, ಒಂದು ಒಳಗೇ ಸಿಕ್ಕಿಕೊಂಡು ಒಂದು ಭಾನುವಾರ ಪೂರ್ತಿ ಚಿಮಟ ಹಿಡಿದು ಕೂರಿಸಿತು.

ಇನ್ನು ಕನ್ನಡದ ಕಥೆ. ನನ್ನ ಮೆಷಿನ್ ಇಂಚಿಗೆ 180 ಚುಕ್ಕಿಯದು. 9ರ ಟೇಪಿನಲ್ಲಿ ಎತ್ತರಕ್ಕೆ ಸಿಗೋದು ಬರೀ 50 ಚುಕ್ಕಿ. ಎರಡು ಸಾಲು ಹಾಕಿದರೆ ಸಾಲಿಗೆ 25. ಅಷ್ಟರಲ್ಲಿ ಒತ್ತಕ್ಷರ ಬಂದರೆ ಕಥೆ ಮುಗೀತು. 'ವಿಕ್ಟೋರಿಯಾ' ಬರೆದರೆ ಕ ಕೆಳಗೆ ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತೆ. 'ಕೃಷ್ಣದೇವರಾಯ' ಅಂತೂ ಬರೀ ಕಪ್ಪು ಗುಡ್ಡೆ. ಅದಕ್ಕೆ ಒತ್ತಿಲ್ಲದ ಪದ ಹುಡುಕಿದೆ. ವಿಕ್ಟೋರಿಯಾ 'ರಾಣಿ' ಆದಳು, ಕೃಷ್ಣದೇವರಾಯ ಬರೀ 'ರಾಯ'. ಬೆಳ್ಳಿಗೆ 'ಬೆ', ತಾಮ್ರಕ್ಕೆ 'ತಾ'. ಮಜಾ ಏನು ಗೊತ್ತಾ? ನಮ್ಮ ಹಳೇ ಹಣದ ಹೆಸರುಗಳಿಗೆ ಬಹುತೇಕ ಒತ್ತೇ ಇಲ್ಲ. ರೂಪಾಯಿ, ಆಣೆ, ಪಾವಲಿ, ಪೈಸೆ, ಕಾಸು, ವರಹ, ಹಣ, ಎಲ್ಲಾ ನೀಟಾಗಿ ಬಂದವು. ಕೈಕೊಟ್ಟದ್ದು ದುಡ್ಡು ಒಂದೇ.

ನಿಜಾಮರ ನಾಣ್ಯಕ್ಕೆ ಮೇಲೆ 'ನಿಜಾಮ 1 ರೂ ಬೆ', ಕೆಳಗೆ 'ಹಿ 1337 / 1918-19' ('ಹಿ' ಅಂದರೆ ಹಿಜರಿ ವರ್ಷ). ಜೊತೆಗೆ 'ಐನ್' ಅಥವಾ 'ಮೀಮ್'. ಚಾರ್‌ಮಿನಾರ್ ಬಾಗಿಲೊಳಗೆ ಒಂದು ಉರ್ದು ಅಕ್ಷರ ಇರುತ್ತಲ್ಲ, ಐನ್ ಇದ್ದರೆ ಉಸ್ಮಾನ್ ಅಲಿ ಖಾನ್, ಮೀಮ್ ಇದ್ದರೆ ಅವರ ತಂದೆ ಮಹಬೂಬ್ ಅಲಿ ಖಾನ್. ಭೂತಗನ್ನಡಿ ಹಿಡಿದು ಒಮ್ಮೆ ನೋಡಿ ಚೀಟಿಗೆ ಹಾಕಿಬಿಟ್ಟರೆ ಮತ್ತೆ ಕಣ್ಣು ನೋಯಿಸಿಕೊಳ್ಳೋದು ಬೇಡ.

ಈಗಿನ ನಾಣ್ಯಕ್ಕೆ ಮಿಂಟಿನ (ಟಂಕಸಾಲೆಯ) ಗುರುತನ್ನೇ ಚೀಟಿ ಮೇಲೆ ಹಾಕಿದೆ. ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ಚುಕ್ಕಿ, ಕೋಲ್ಕತ್ತಾಗೆ ಏನೂ ಇಲ್ಲ. ಇಲ್ಲೊಂದು ಎಡವಟ್ಟು. ಮೆಷಿನ್ ಒಳಗೆ ಹತ್ತಿ ಧೂಳು ಸೇರಿ ಕೆಲವು ಚೀಟಿಯಲ್ಲಿ ವರ್ಷದ ಕೆಳಗೆ ಒಂದು ಚುಕ್ಕಿ ಬಿದ್ದಿತ್ತು. ಕೋಲ್ಕತ್ತಾದ ಹತ್ತು ನಾಣ್ಯ ನೋಯ್ಡಾ ಸಾಲಿಗೆ ಹೋಗಿ ಕೂತವು. ಅದರಲ್ಲಿ ಒಂದರ ಮೇಲೆ 1985 ಅಂತಿತ್ತು. ನೋಯ್ಡಾ ಮಿಂಟ್ ಶುರುವಾದದ್ದೇ 1988ರಲ್ಲಿ! ಹಾಗೆ ಸಿಕ್ಕಿಬಿತ್ತು. ಈಗ ಚುಕ್ಕಿ ಬದಲು 'ನೋ' ಅಂತ ಬರೆಯುತ್ತೇನೆ.

ಕ್ಯೂಆರ್ ಕೋಡನ್ನೂ ಹಾಕಿ ನೋಡಿದೆ. ಫೋನು ಓದಿತು. ಆದರೆ ಅವ್ವ "ಇದೇನಪಾ, ಜಾಳಗಿ?" ಅಂದಳು. ತೆಗೆದೆ.

ಮೆಷಿನ್, ಒಂಬತ್ತು ಟೇಪು ಸೇರಿ ಆರು ಸಾವಿರ ದಾಟಿಲ್ಲ. ಅದಕ್ಕೆ ಮುಂಚೆ ಹಾಳಾದದ್ದು ಎರಡು ಸಾವಿರದ ಮೇಲೆ, ಅದನ್ನು ಮನೆಯಲ್ಲಿ ಹೇಳಿಲ್ಲ.

ಹೋದ ದಸರೆಗೆ ಬಳ್ಳಾರಿಯವರು ಬಂದಿದ್ದರು. ನಾನು ಏನೂ ಹೇಳದೆ ಆ ಬಿಸಿಲು ತಿಂದ ತಗಡನ್ನೇ ಅವರ ಮುಂದೆ ಇಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದರು, ಉಗುರಿನಿಂದ ಕೆರೆದರು, ಎಂಜಲು ಹಚ್ಚಿ ತಿಕ್ಕಿದರು. "ಹೂಂ, ನಡೀತದ" ಅಂದರು. ಹೋದ ವಾರ ಬಸ್ಸಿನಲ್ಲಿ ಒಂದು ಪಟ್ಟಿ ಬಂದಿದೆ, ಮುನ್ನೂರು ಚೀಟಿಗೆ. ಒಂದಕ್ಕೆ 4 ರೂಪಾಯಿ ಹೇಳಿದ್ದೇನೆ. 3 ಮಾಡ್ರಿ ಅಂತ ಇನ್ನೂ ಚೌಕಾಸಿ ನಡೆದಿದೆ.