ಒಂದು ಎಕರೆ: ಮೊದಲು ಮನೆಗೆ, ಆಮೇಲೆ ಕಬ್ಬಿಗೆ

ಮಂಡ್ಯದ ಕಡೆ ಈಗ ಎಷ್ಟೋ ಮನೆಗಳಲ್ಲಿ ಜಮೀನಿನ ತುಂಬ ಕಬ್ಬಿರುತ್ತದೆ, ಮುದ್ದೆಗೆ ರಾಗಿ ಮಾತ್ರ ಅಂಗಡಿಯಿಂದ ಬರುತ್ತದೆ. ಸಾರಿಗೆ ಕಾಳು, ಒಗ್ಗರಣೆಗೆ ಕರಿಬೇವೂ ಅಷ್ಟೇ. ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ, ಅದೂ ಕಾರ್ಖಾನೆಯವರು ಕೊಟ್ಟಾಗ. ಕಬ್ಬು ಬೇಡ ಅಂತ ನಾನು ಹೇಳುತ್ತಿಲ್ಲ. ನಾಲೆ ನೀರು ಬರುವ ಒಂದು ಎಕರೆ, ಅಂದರೆ 40 ಗುಂಟೆ ಇದ್ದರೆ, ಮನೆಯ ಪಾಲು ಮೊದಲು ತೆಗೆದಿಟ್ಟು ಉಳಿದದ್ದಕ್ಕೆ ಕಬ್ಬು ಹಾಕಿ.

ಉಳುವ ಮುಂಚೆ ಲೆಕ್ಕ ಆಗಬೇಕು. ಅಡುಗೆ ಮಾಡುವವರ ಜೊತೆ ಕೂತು ಕೇಳಿ, ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲ್ಲ. ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಅಂತ ಇಟ್ಟುಕೊಂಡರೆ, ಐದು ಜನ ದಿನಕ್ಕೆ ಎರಡೆರಡು ಮುದ್ದೆ ಉಂಡರೆ ಒಂದು ಕೆಜಿ. ವರ್ಷಕ್ಕೆ ಮೂರೂವರೆ ಕ್ವಿಂಟಲ್ ಮೇಲಾಯಿತು, ನೆಂಟರು ಬಂದು ಹೋಗುವುದು ಸೇರಿಸಿ ನಾಲ್ಕು ಅನ್ನಿ. ಗುಂಟೆಗೆ 30 ಕೆಜಿ ಬಂದರೂ ಹೆಚ್ಚುಕಮ್ಮಿ 13 ಗುಂಟೆ ಸಾಕು. ಅಕ್ಕಿ ದಿನಕ್ಕೆ ಮುಕ್ಕಾಲು ಕೆಜಿ ಆದರೆ ಭತ್ತಕ್ಕೆ 10 ಗುಂಟೆ.

ರಾಗಿಗೆ ಜೂನ್ ಕೊನೆಯಲ್ಲಿ ಒಟ್ಲು, ಅಂದರೆ ಸಸಿ ಮಡಿ ಹಾಕಿ. ಇಷ್ಟು ಜಾಗಕ್ಕೆ ಮುಕ್ಕಾಲು ಕೆಜಿ ಬಿತ್ತನೆ ಧಾರಾಳ. ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ತಳಿ ಇದೆ, ಎಂ.ಆರ್.-6 ಇದೆ. ಬೀಜಕ್ಕೆ, ಸಲಹೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇಲ್ಲೇ ಇದೆಯಲ್ಲ. ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಆ ಮಣ್ಣಲ್ಲೇ. ಪೈರಿಗೆ ಮೂರು ವಾರ ತುಂಬಿದ ಮೇಲೆ ನಾಟಿ ಮಾಡಿ. ಬರೀ ರಾಗಿ ಹಾಕಬೇಡಿ. ಎಂಟು ಸಾಲಿಗೆ ಒಂದು ಅಕ್ಕಡಿ ಸಾಲು, ಅಂದರೆ ಮಧ್ಯೆ ಬೇರೆ ಬೆಳೆಯ ಸಾಲು ಬಿಟ್ಟು ನಾಟಿ ತಳಿಯ ಅವರೆ ಊರಿ, ಅಂಚಿನಲ್ಲಿ ಒಂದಿಷ್ಟು ಹುಚ್ಚೆಳ್ಳು, ನಾಲ್ಕು ಹರಳು ಗಿಡ ಇರಲಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡುವುದು, ಹಾಗಾಗಿ ರಾಗಿ ಕೊಯ್ದು ಮೆದೆ ಹಾಕುವ ಹೊತ್ತಿಗೆ ಅದು ಬಿಸಿಲು ಸಿಕ್ಕಿ ಹರಡಿಕೊಂಡು, ಚಳಿಯಲ್ಲಿ ಸೊಗಡಿನ ಕಾಯಿ ಕೊಡುತ್ತಾ ಹೋಗುತ್ತದೆ. ಒಂದೇ ಉಳುಮೆಯಲ್ಲಿ ಮುದ್ದೆ, ಸಾರು, ಚಟ್ನಿಪುಡಿ ಮೂರೂ ಆಯಿತು. ಎಲೆ ಉದುರಿ ನೆಲಕ್ಕೂ ಗೊಬ್ಬರ. ಕಬ್ಬಿನ ಭರದಲ್ಲಿ ಈ ಅಕ್ಕಡಿ ಪದ್ಧತಿ ಬಿಟ್ಟುಬಿಟ್ಟೆವು, ಅದು ನನಗೆ ತುಂಬಾ ಬೇಜಾರು.

ಭತ್ತ ನಿಮಗೆ ಗೊತ್ತಿರುವುದೇ. ಆದರೆ ನಾಲೆ ನಂಬಿ ಎರಡನೇ ಬೆಳೆಗೂ ಭತ್ತವೇ ಅಂತ ಕೂರಬೇಡಿ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ನೆನಪಿದೆ ಅಲ್ವಾ? ಕೊಡಗಿನಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ನಾಲೆ ಒಣಗುತ್ತದೆ. ಭತ್ತ ಕೊಯ್ದ ಗದ್ದೆಯ ತೇವದಲ್ಲೇ ಹುರುಳಿನೋ ಅಲಸಂದೆನೋ ಚೆಲ್ಲಿಬಿಡಿ.

ಮೂರು ಗುಂಟೆ ಹಸಿರು ಮೇವು, ಎರಡು ಗುಂಟೆ ತರಕಾರಿ. ಬಚ್ಚಲ ನೀರು ಹೋಗುವ ಕಡೆ ಬಾಳೆ, ಕರಿಬೇವು, ನುಗ್ಗೆ. ಒಂದು ಹಸು ಇರಲೇಬೇಕು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ರಾಗಿ ಹುಲ್ಲು ಹೇಗೂ ಮನೆಯಲ್ಲೇ ಇರುತ್ತದೆ, ಮಕ್ಕಳಿಗೆ ಹಾಲಾಗುತ್ತದೆ, ಡೇರಿಗೆ ಹಾಕಿದ ಹಾಲಿನ ಬಟವಾಡೆಯಲ್ಲಿ ಸೋಪು, ಸೀಗೆಪುಡಿ, ಬಸ್ ಚಾರ್ಜು ಕಳೆಯುತ್ತದೆ, ಸಗಣಿ ತಿಪ್ಪೆ ಸೇರಿ ಮತ್ತೆ ಹೊಲಕ್ಕೆ ಬರುತ್ತದೆ. ಬದುವಿನಲ್ಲಿ ನಾಲ್ಕು ತೆಂಗು ಇದ್ದರೆ ಅಡುಗೆಗೆ ಕಾಯಿ, ಹಂಡೆ ಒಲೆಗೆ ಮಟ್ಟೆ, ಅಂಗಳಕ್ಕೆ ಕಡ್ಡಿ ಪೊರಕೆ.

ಉಳಿದ 12 ಗುಂಟೆ ಕಬ್ಬಿಗೆ. ಬಟ್ಟೆ, ಸ್ಕೂಲ್ ಫೀಸು, ಆಸ್ಪತ್ರೆಗೆ ಆ ದುಡ್ಡು. ಆಲೆಮನೆ ಹತ್ತಿರವಿದ್ದರೆ ಮನೆಗೆ ಬೇಕಾದಷ್ಟು ಬೆಲ್ಲ ಮಾಡಿಸಿಕೊಂಡೇ ಬಾಕಿ ಕಬ್ಬು ಕಳಿಸಿ.

ರಾಗಿ ಬಡಿಯಲು ಟಾರ್ ರೋಡಿಗೆ ಹರಡಬೇಡಿ. ಬೈಕಿನವರು ಜಾರಿ ಬೀಳುತ್ತಾರೆ, ರಾಗಿಗೂ ಕಲ್ಲು ಸೇರುತ್ತದೆ. ಊರಲ್ಲಿ ಮೆಷಿನ್ ಸಿಗುತ್ತದೆ, ಇಲ್ಲದಿದ್ದರೆ ಕಣ ಸಾರಿಸಿ. ಚೆನ್ನಾಗಿ ಒಣಗಿದ ರಾಗಿಗೆ ಹುಳ ಹತ್ತುವುದು ಕಮ್ಮಿ, ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದದ್ದು ಅದಕ್ಕೇ. ಅವರೆಕಾಳು ಹಾಗಲ್ಲ, ಸುಮ್ನೆ ಚೀಲಕ್ಕೆ ತುಂಬಿಟ್ಟರೆ ಕುಟ್ಟೆ ಹುಳ ಹಿಡಿಯುತ್ತದೆ. ಮುಂದಿನ ವರ್ಷದ ಬಿತ್ತನೆಗೆ ದಪ್ಪ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಬಿಡಿಸಿ, ಇನ್ನೆರಡು ಬಿಸಿಲು ಕಾಯಿಸಿ, ಜರಡಿ ಹಿಡಿದ ಒಲೆ ಬೂದಿ ಬೆರೆಸಿ ಡಬ್ಬಿಯ ಬಾಯಿ ಬಿಗಿಯಾಗಿ ಮುಚ್ಚಿಡಿ.