ಲೈನರ್ ಕನ್ನಡಿ ಹಾಗೆ ಹೊಳೆದರೆ ಖುಷಿ ಪಡಬೇಡಿ

ಮಳೆ ಮುಗಿದು ತೋಟಕ್ಕೆ ನೀರು ಬಿಡುವ ಹೊತ್ತಿಗೆ ನಮ್ಮ ಬದಿಯಡ್ಕ, ಪೆರ್ಲದ ಕಡೆ ಮೂಲೆ ಸೇರಿದ್ದ ಹಳೇ ಡೀಸೆಲ್ ಪಂಪುಗಳು ಅಂಗಳಕ್ಕೆ ಬರುತ್ತವೆ. ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಬಿಚ್ಚಿದರೆ ಲೈನರ್ (ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ) ಒಳಗೆ ಮುಖ ಕಾಣುವಷ್ಟು ನುಣುಪು. ನುಣುಪಾದರೆ ಒಳ್ಳೇದೇ ಅಲ್ವಾ? ಅಲ್ಲ. ನುಣುಪು ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ಪಿಸ್ಟನ್ ಸುತ್ತ ಇರುವ ರಿಂಗ್ ಒಣಗಿದ ಕಬ್ಬಿಣದ ಮೇಲೆ ಉಜ್ಜುತ್ತದೆ. ತೋಟದ ಕಣಿಯಲ್ಲಿ ನೀರು ನಿಂತ ಹಾಗೆ ಎಣ್ಣೆ ನಿಲ್ಲಲು ಸಣ್ಣ ಗೀರುಗಳು ಬೇಕು.

ಮೊದಲು ಲೈನರ್‌ನ ಮೇಲಂಚಿನ ಹತ್ತಿರ ಉಗುರು ಆಡಿಸಿ. ಮೆಟ್ಟಿಲ ಹಾಗೆ ತಡೆದರೆ ಸವೆತ ಜಾಸ್ತಿ, ಲೈನರನ್ನೇ ಬದಲಿಸಿ. ಇಲ್ಲದಿದ್ದರೆ ಡ್ರಿಲ್‌ಗೆ ಸಿಕ್ಕಿಸುವ ಮೂರು ಕಾಲಿನ ಹೋನ್ (ಕಾಲಿಗೊಂದು ಸಾಣೆಕಲ್ಲು ಇರುವ ಉಜ್ಜುವ ಸಾಧನ) ಸಾಕು, ಕಲ್ಲು 220 ಗ್ರಿಟ್‌ನದ್ದು (ಗ್ರಿಟ್ ಅಂದರೆ ಕಲ್ಲಿನ ತರಿಯ ಅಳತೆ). ತೆಳು ಎಣ್ಣೆ ಧಾರಾಳ ಸುರಿಯಿರಿ, ಡ್ರಿಲ್ ನಿಧಾನ ತಿರುಗಲಿ, ಕೈ ಮಾತ್ರ ಬೇಗ ಬೇಗ ಮೇಲೆ ಕೆಳಗೆ ಹೋಗಲಿ. ಆಗ ಗೀರುಗಳು ಒಂದನ್ನೊಂದು ಅಡ್ಡ ದಾಟಿ, ಹೆಣೆದ ಚಾಪೆಯ ಹಾಗೆ ಕಾಣುತ್ತವೆ. ಅವುಗಳ ನಡುವಿನ ಕೋನ 45ರಿಂದ 60 ಡಿಗ್ರಿ ಇದ್ದರೆ ಸರಿ. ಕೈ ನಿಧಾನವಾದರೆ ಗೀರು ಅಡ್ಡಕ್ಕೆ ಮಲಗುತ್ತದೆ. ಹತ್ತು ಹದಿನೈದು ಸಲ ಆಡಿಸಿದ ಮೇಲೆ ನಿಲ್ಲಿಸಿ ನೋಡಿ, ಹೊಳಪು ಹೋದರೆ ಅಷ್ಟೇ ಸಾಕು. ಡ್ರಿಲ್ ತಿರುಗುತ್ತಿರುವಾಗ ಹೋನನ್ನು ಹೊರಗೆ ಎಳೆಯಬೇಡಿ; ಸ್ವಿಚ್ ಆಫ್ ಮಾಡಿ, ಪೂರ್ತಿ ನಿಲ್ಲುವವರೆಗೂ ಮೇಲೆ ಕೆಳಗೆ ಆಡಿಸುತ್ತಿದ್ದು, ಆಮೇಲೆ ಕಾಲುಗಳನ್ನು ಒಳಕ್ಕೆ ಒತ್ತಿ ಹಿಡಿದು ತೆಗೆಯಿರಿ.

ನಾನು ಮೊದಲ ಸಲ ಸ್ಯಾಂಡ್ ಪೇಪರ್ ಹಿಡಿದು ಸುಮ್ನೆ ಉದ್ದಕ್ಕೆ ಉಜ್ಜಿದ್ದೆ. ಆ ಉದ್ದ ಗೀರುಗಳಲ್ಲೇ ಕಂಪ್ರೆಷನ್ (ಪಿಸ್ಟನ್ ಒತ್ತಿದ ಗಾಳಿ) ಸೋರಿ ಹೋಯಿತು. ಹ್ಯಾಂಡಲ್ ತಿರುಗಿಸಿ ತೋಳು ಬಿದ್ದದ್ದೇ ಲಾಭ!

ಜಾಸ್ತಿ ಜನ ಕೆಡಿಸುವುದು ತೊಳೆಯುವಲ್ಲಿ. ಡೀಸೆಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೀರಿನೊಳಗೇ ಕೂತು, ಹೊಸ ರಿಂಗನ್ನು ಒಂದೇ ಸೀಸನ್‌ನಲ್ಲಿ ತಿಂದು ಹಾಕುತ್ತದೆ. ಬಿಸಿ ನೀರು, ಸೋಪಿನ ಪುಡಿ, ಬ್ರಷ್ ಹಿಡಿದು ತಿಕ್ಕಿ. ಹಳೇ ಬಿಳಿ ಬೈರಾಸಿನ ತುಂಡಿಗೆ ಎಣ್ಣೆ ಹಚ್ಚಿ ಒಳಗೆ ಒರೆಸಿ. ಬೂದು ಬಣ್ಣ ಬಂತಾ? ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗೇ ಬಂದ ಕೂಡಲೇ ಎಣ್ಣೆ ಸವರಿ. ಚಾ ಕುಡಿದು ಬಂದು ಸವರುತ್ತೇನೆ ಅಂತ ಹೋದರೆ ನಮ್ಮ ಕಾಸರಗೋಡಿನ ತೇವಕ್ಕೆ ಅಷ್ಟರಲ್ಲೇ ತುಕ್ಕು ಹಿಡಿದಿರುತ್ತದೆ.

ರಿಂಗ್ ಹೊಸದೇ ಹಾಕಿ. 80 ಮಿ.ಮೀ. ಬೋರಿಗೆ (ಲೈನರಿನ ಒಳ ಅಗಲ) ರಿಂಗನ್ನು ಲೈನರ್ ಒಳಗಿಟ್ಟಾಗ ಅದರ ಬಾಯಿ ಸುಮಾರು 0.3 ಮಿ.ಮೀ. ಬಿಟ್ಟಿರಬೇಕು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ.

ಹುಲ್ಲು ಕೊಚ್ಚುವ ಎರಡು ಸ್ಟ್ರೋಕಿನ ಮೆಷಿನ್‌ಗೆ ಇದೇ ಕಲ್ಲು ಹಾಕಲು ಹೋಗಬೇಡಿ. ಅದರ ಸಿಲಿಂಡರ್ ಒಳಗೆ ಸಾಮಾನ್ಯವಾಗಿ ತೆಳು ಕ್ರೋಮ್ ಅಥವಾ ನಿಕೆಲ್ ಲೇಪ ಇರುತ್ತದೆ, ಕಿತ್ತು ಬಂದರೆ ಕಥೆ ಮುಗಿಯಿತು. ಲೇಸರಿನಿಂದ ಕೆಲವೇ ಮೈಕ್ರಾನ್ ಆಳದ ಕುಳಿ ಕೊರೆದು ಎಣ್ಣೆ ನಿಲ್ಲಿಸುವ ವಿದ್ಯೆಯೂ ಇದೆ, ಆದರೆ ಅದು ಅಂಗಳದಲ್ಲಿ ಆಗುವ ಕೆಲಸವಲ್ಲ.

ಜೋಡಿಸಿದ ಮೇಲೆ ಖಾಲಿ ಓಡಿಸುತ್ತಾ ಕೂರಬೇಡಿ, ಲೈನರ್ ಮತ್ತೆ ನುಣುಪಾಗುತ್ತದೆ. ಸ್ವಲ್ಪ ಬಿಸಿಯಾದ ಕೂಡಲೇ ನೀರೆತ್ತಲು ಹಚ್ಚಿ, ಕೆಲವು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಿ.