ಕಪ್ಪಾದ ಕುಕ್ಕರ್ ಮುಚ್ಚಳ ಕಲಿಸಿದ ಪಾಠ

ಡಿಶ್‌ವಾಶರ್ ಮನೆಗೆ ಬಂದ ಮೊದಲ ವಾರವೇ ಒಂದು ಕುಕ್ಕರ್ ಮುಚ್ಚಳ ಹಾಳು ಮಾಡಿದೆ. ಅಲ್ಯೂಮಿನಿಯಂ ಕುಕ್ಕರ್. ರಾತ್ರಿ ಪಳಪಳ ಹೊಳೆಯುತ್ತಾ ಒಳಗೆ ಹೋಗಿತ್ತು. ಬೆಳಿಗ್ಗೆ ತೆಗೆದು ನೋಡಿದರೆ ಮಳೆ ಮೋಡದ ಬಣ್ಣ. ಬೆರಳಲ್ಲಿ ಉಜ್ಜಿದರೆ ಬೆರಳಿಗೂ ಬೂದು ಮಸಿ. ನಿಂಬೆಹಣ್ಣು ಹಾಕಿ ತಿಕ್ಕಿದೆ. ಮಸಿ ಸ್ವಲ್ಪ ಬಿಟ್ಟಿತು, ಹಳೆಯ ಹೊಳಪು ಮಾತ್ರ ಬರಲೇ ಇಲ್ಲ.

ಆಮೇಲೆ ಗೊತ್ತಾಯಿತು, ತಪ್ಪು ಯಂತ್ರದ್ದಲ್ಲ. ಕೈಯಲ್ಲಿ ತೊಳೆಯುವಾಗ ನಾವು ಉಜ್ಜುತ್ತೇವೆ. ಈ ಯಂತ್ರ ಉಜ್ಜುವುದೇ ಇಲ್ಲ. ತಿರುಗುವ ತೋಳುಗಳ ತೂತಿನಿಂದ ಬಿಸಿ ನೀರು ಚಿಮ್ಮಿಸುತ್ತದೆ, ಅಷ್ಟೆ. ಉಜ್ಜುವ ಕೆಲಸವನ್ನೂ ಯಂತ್ರಕ್ಕೆ ಹಾಕುವ ಸೋಪಿನ ಪುಡಿಯೇ ಮಾಡಬೇಕು. ಅದಕ್ಕೇ ಆ ಪುಡಿಯಲ್ಲಿ ಕ್ಷಾರ ಜಾಸ್ತಿ. ಸ್ಟೀಲು, ಗಾಜು, ಪಿಂಗಾಣಿ ಅದನ್ನು ತಡೆದುಕೊಳ್ಳುತ್ತವೆ. ಅಲ್ಯೂಮಿನಿಯಂ ತಡೆಯುವುದಿಲ್ಲ.

ಇಷ್ಟು ತಲೆಗೆ ಹೋದ ಮೇಲೆ ಏನನ್ನು ಒಳಗೆ ಇಡಬಾರದು ಎಂದು ಬಾಯಿಪಾಠ ಮಾಡಬೇಕಾಗಲಿಲ್ಲ. ಕಬ್ಬಿಣದ ಕಾವಲಿ ಇಟ್ಟರೆ ಎಷ್ಟೋ ದಿನ ಎಣ್ಣೆ ಕುಡಿಸಿ ಪಳಗಿಸಿದ ಮೈ ಒಂದೇ ಸಲಕ್ಕೆ ಹೋಗಿ ತುಕ್ಕು ಹಿಡಿಯುತ್ತದೆ. ಮರದ ಸೌಟು, ಮಣೆ ನೀರು ಕುಡಿದು ಉಬ್ಬುತ್ತವೆ, ಒಣಗುವಾಗ ಸೀಳುತ್ತವೆ. ನಾನ್‌ಸ್ಟಿಕ್ ಬಾಣಲೆಯ ತಳದಲ್ಲಿ ಡಿಶ್‌ವಾಶರ್ ಗುರುತು ಇದ್ದರೂ ನಾನು ಕೈಯಲ್ಲೇ ತೊಳೆಯುತ್ತೇನೆ, ಒಂದು ನಿಮಿಷದ ಕೆಲಸ ಅಲ್ವಾ. ಒಳಗೋಡೆ, ಹೊರಗೋಡೆ ಎರಡಿರುವ ಫ್ಲಾಸ್ಕಿಗೂ ಪ್ರವೇಶವಿಲ್ಲ. ಅದರ ಬೆಸುಗೆ ಬಿಟ್ಟರೆ ಬಿಸಿ ನಿಲ್ಲುವುದೇ ಇಲ್ಲ. ಸ್ಟೀಲ್ ಕುಕ್ಕರ್ ಪಾತ್ರೆ ಇಡಬಹುದು. ಆದರೆ ಗ್ಯಾಸ್ಕೆಟ್, ವೆಯ್ಟ್ ಮತ್ತು ಮುಚ್ಚಳ ಸಿಂಕಿನಲ್ಲೇ. ಸೇಫ್ಟಿ ವಾಲ್ವಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ಅದು ಬರೀ ಕೊಳೆಯ ಮಾತಲ್ಲ.

ಬೆಳ್ಳಿ ಚಮಚವನ್ನು ಸ್ಟೀಲ್ ಚಮಚದ ಜೊತೆ ಒಂದೇ ಬುಟ್ಟಿಗೆ ಹಾಕಬೇಡಿ. ಒದ್ದೆಯಲ್ಲಿ ಎರಡು ಲೋಹ ತಾಗಿಕೊಂಡರೆ ಕಲೆ ಬೀಳುತ್ತದೆ.

ಚಾಕುವಿನ ವಿಷಯ ಬೇರೆ. ಒಳ್ಳೆಯ ಚಾಕು ನೀರಿನ ಹೊಡೆತಕ್ಕೆ ಪಕ್ಕದ ಚಮಚಕ್ಕೆ ತಾಗಿ ತಾಗಿ ಮೊಂಡಾಗುತ್ತದೆ, ಹಿಡಿ ಸಡಿಲಾಗುತ್ತದೆ. ಸಾಧಾರಣ ಚಾಕು ಇಟ್ಟರೂ ಮೊನೆ ಕೆಳಗೆ. ಮೊದಮೊದಲು ನಾನು ಹಿಡಿ ಕೆಳಗಿಟ್ಟು ನಿಲ್ಲಿಸುತ್ತಿದ್ದೆ. ಒಂದು ದಿನ ಮೇಲಿನ ತಂತಿ ಗೂಡಿನ ಲೋಟ ತೆಗೆಯಲು ಬಗ್ಗಿದಾಗ ಮೊನೆ ಮುಂಗೈ ಗೀರಿತು. ಫೋರ್ಕುಗಳೂ ಅಂದಿನಿಂದ ತಲೆಕೆಳಗು.

ಇನ್ನು ಜೋಡಿಸುವುದು. ನೀರು ತಾಗದ ಜಾಗ ತೊಳೆಯುವುದಿಲ್ಲ. ಯಂತ್ರ ಸರಿಯಿಲ್ಲ ಎಂದು ನಾನು ಬೈದುಕೊಂಡದ್ದರಲ್ಲಿ ಮುಕ್ಕಾಲು ಪಾಲು ನಾನೇ ಅಡ್ಡ ಇಟ್ಟ ಪಾತ್ರೆಗಳಿಂದ ಆದದ್ದು. 1886ರಲ್ಲಿ ಅಮೆರಿಕದ ಜೋಸೆಫೀನ್ ಕಾಕ್ರನ್ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಎಲ್ಲ ಪಾತ್ರೆಗೂ ನೀರು ತಾಗಬೇಕು ಎಂಬುದನ್ನೇ ಅವರೂ ನೋಡಿಕೊಂಡರು. ತಟ್ಟೆ, ಬಟ್ಟಲುಗಳ ಅಳತೆಗೆ ತಕ್ಕ ತಂತಿಯ ಗೂಡು ಕಟ್ಟಿ, ಅವುಗಳ ಮೇಲೆ ನೀರು ರಭಸದಿಂದ ಬೀಳುವಂತೆ ಮಾಡಿದರು.

ನಾನು ತಟ್ಟೆಗಳನ್ನು ಕೆಳಗೆ, ಮುಖ ನಡುವಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತೇನೆ. ದೊಡ್ಡ ಪಾತ್ರೆಗಳು ಕವುಚಿ, ಸ್ವಲ್ಪ ವಾಲಿಸಿ, ಅಂಚಿನಲ್ಲಿ. ಲೋಟ, ಬಟ್ಟಲು ಮತ್ತು ಪ್ಲಾಸ್ಟಿಕ್ ಮೇಲಿನ ಗೂಡಿನಲ್ಲಿ. ಎಷ್ಟೋ ಯಂತ್ರಗಳಲ್ಲಿ ಬಿಸಿ ಮಾಡುವ ಸುರುಳಿ ತಳದಲ್ಲೇ ಇರುತ್ತದೆ, ಕೆಳಗಿಟ್ಟ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಚಮಚಗಳು ಒಂದರ ಬೆನ್ನಿಗೊಂದು ಅಂಟಿಕೊಳ್ಳದ ಹಾಗೆ ಕೆಲವು ತಲೆ ಮೇಲೆ, ಕೆಲವು ಕೆಳಗೆ. ಬಾಗಿಲು ಮುಚ್ಚುವ ಮುಂಚೆ ಎರಡೂ ತೋಳುಗಳನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಉದ್ದನೆಯ ಒಂದು ಸೌಟು ಜಾರಿ ಸಿಕ್ಕಿಕೊಂಡರೆ ಸಾಕು, ಇಡೀ ರಾತ್ರಿಯ ನೀರು, ಕರೆಂಟು ದಂಡ.

ಮೊದಲೇ ನೀರಲ್ಲಿ ತೊಳೆದು ಇಡುವ ಅಭ್ಯಾಸ ಬಿಟ್ಟೆ. ಉಳಿದದ್ದನ್ನು ಕೆರೆದು ಕಸಕ್ಕೆ ಹಾಕಿದರೆ ಸಾಕು. ಗಂಜಿ, ಪ್ರೋಟೀನ್ ಒಡೆಯುವ ಎನ್‌ಜೈಮ್‌ಗಳು ಪುಡಿಯಲ್ಲೇ ಇರುತ್ತವೆ. ನೀರಿನ ಕೊಳೆ ಅಳೆಯುವ ಸೆನ್ಸರ್ ಇರುವ ಯಂತ್ರವಾದರೆ, ತೊಳೆದ ಪಾತ್ರೆ ನೋಡಿ ಕೊಳೆ ಕಡಿಮೆ ಎಂದುಕೊಂಡು ಬೇಗ ಮುಗಿಸಿಬಿಡುತ್ತದೆ. ತಳ ಹಿಡಿದ ಪಾತ್ರೆಯನ್ನು ಮಾತ್ರ ನೆನೆಸಲೇಬೇಕು.

ಪುಡಿ ಖಾಲಿಯಾದ ಒಂದು ರಾತ್ರಿ ಸಿಂಕಿನ ಲಿಕ್ವಿಡ್ ಸೋಪು ಎರಡು ಚಮಚ ಸುರಿದಿದ್ದೆ. ಹತ್ತು ನಿಮಿಷಕ್ಕೆ ಬಾಗಿಲಿನ ಸಂದಿಯಿಂದ ನೊರೆ ಹೊರಗೆ ಬಂತು. ಅರ್ಧ ಗಂಟೆ ನೆಲ ಒರೆಸಿದೆ. ಇದನ್ನು ಇನ್ನೊಬ್ಬರು ಮಾಡುವುದು ಬೇಡ.

ಗಡಸು ನೀರಿದ್ದರೆ ಉಪ್ಪು ಬೇಕು. ಅದು ಪಾತ್ರೆಗಲ್ಲ, ನೀರು ಮೆದು ಮಾಡುವ ಒಳಗಿನ ರೆಸಿನ್ ಎಂಬ ಸಣ್ಣ ಮಣಿಗಳಿಗೆ. ಡಿಶ್‌ವಾಶರ್‌ನ ಹರಳುಪ್ಪೇ ಹಾಕಬೇಕು, ಅಡುಗೆಯ ಪುಡಿ ಉಪ್ಪು ಬೇಡ. ತುಂಬುವಾಗ ಚೆಲ್ಲಿದ್ದು ಹಾಗೇ ಇದ್ದರೆ ಸ್ಟೀಲನ್ನೇ ತಿನ್ನುತ್ತದೆ. ಅದಕ್ಕೇ ಯಂತ್ರ ಓಡಿಸುವ ಹೊತ್ತಿಗೇ ತುಂಬುತ್ತೇನೆ. ಗಾಜಿನ ಲೋಟ ಮಂಕಾಗಿದ್ದರೆ ಸ್ವಲ್ಪ ವಿನೆಗರ್ ಹಚ್ಚಿ ನೋಡಿ. ಬಿಟ್ಟರೆ ಅದು ನೀರಿನ ಸುಣ್ಣ. ಬಿಡದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ.

ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ. ಬಾಟಲಿಯ ಕಾಗದದ ಲೇಬಲ್ ಅಂತೂ ಅದರ ಶತ್ರು. ಪುಡಿ ಮತ್ತು ಪುಡಿಯ ಬದಲು ಹಾಕುವ ಸೋಪಿನ ಕ್ಯಾಪ್ಸೂಲ್ ಇರುವುದು ಎತ್ತರದ ಕಪಾಟಿನಲ್ಲಿ. ಬಣ್ಣಬಣ್ಣದ ಕ್ಯಾಪ್ಸೂಲ್ ಮಕ್ಕಳ ಕಣ್ಣಿಗೆ ಮಿಠಾಯಿಯೇ. ಬಾಯಿಗೆ ಹೋದರೆ ಸುಡುತ್ತದೆ.

ಮುಗಿದ ತಕ್ಷಣ ಬಾಗಿಲು ತೆಗೆಯುವುದಿಲ್ಲ, ಹಬೆ ಮುಖಕ್ಕೆ ಹೊಡೆಯುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ತೆಗೆದು, ಮೊದಲು ಕೆಳಗಿನ ಗೂಡು ಖಾಲಿ ಮಾಡುತ್ತೇನೆ. ಇಲ್ಲದಿದ್ದರೆ ಲೋಟಗಳ ತಳದಲ್ಲಿ ನಿಂತ ನೀರು ಒಣಗಿದ ತಟ್ಟೆಗಳ ಮೇಲೆ ಸುರಿಯುತ್ತದೆ. ಪ್ಲಾಸ್ಟಿಕ್ ಡಬ್ಬಿಗಳು ಮಾತ್ರ ಯಾವತ್ತೂ ಪೂರ್ತಿ ಒಣಗುವುದಿಲ್ಲ, ಬಿಸಿ ಹಿಡಿದಿಡುವ ಶಕ್ತಿ ಅವಕ್ಕಿಲ್ಲ. ಅವನ್ನು ಸುಮ್ನೆ ಬಟ್ಟೆಯಲ್ಲಿ ಒರೆಸಿ ಎತ್ತಿಡುತ್ತೇನೆ.